ಮೊದಲು ಆಪರೇಷನ್ನೋ, ಮೊದಲು ಮದ್ದೋ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ - ಊರು ಯಾವುದೇ ಇರಲಿ, ಮನೆಯ ಹೆಣ್ಣುಮಗಳಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದಾಗ ನಾವು ಆಡುವ ಮೊದಲ ಮಾತು, "ಗಡ್ಡೆಯನ್ನು ಬೇಗ ತೆಗೆಸಿಬಿಡಿ" ಎಂಬುದು. ಮೊದಲು ಕೀಮೋಥೆರಪಿ, ಅನಂತರ ಆಪರೇಷನ್ ಎಂದು ವೈದ್ಯರು ಹೇಳಿದರೆ ನಮಗೆ ಗಾಬರಿಯಾಗುತ್ತದೆ. ಗಡ್ಡೆಯನ್ನು ಒಳಗಿಟ್ಟುಕೊಂಡು ತಿಂಗಳುಗಟ್ಟಲೆ ಕಾಯುವುದೇ? ಈ ಪ್ರಶ್ನೆಯ ಹಿಂದೆ ದೀರ್ಘ ಇತಿಹಾಸವಿದೆ.

ಸಾವಿರ ವರ್ಷಗಳ ಹಿಂದೆ ಮುಸ್ಲಿಮ್ ಸ್ಪೇನಿನ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ, ಸಣ್ಣ ಗಡ್ಡೆಯನ್ನು ತೆಗೆಯಬಹುದು, ಹಳೆಯದಾಗಿ ದೊಡ್ಡದಾದುದನ್ನು ಮುಟ್ಟಬಾರದು ಎಂದು ಬರೆದರು. ಅಂಥದನ್ನು ತಾವು ಗುಣಪಡಿಸಿಲ್ಲ, ಗುಣಪಡಿಸಿದವರನ್ನು ಕಂಡೂ ಇಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನೆಲ್ಲ ಒಟ್ಟಿಗೆ ತೆಗೆಯುವ ವಿಧಾನವನ್ನು ಪ್ರಚಾರಕ್ಕೆ ತಂದರು. ಆದರೂ ಅನೇಕರಲ್ಲಿ ರೋಗ ಮರಳಿತು. ಆಪರೇಷನ್ನಿಗೆ ಮೊದಲೇ ಕ್ಯಾನ್ಸರಿನ ಕಣಗಳು ರಕ್ತದಲ್ಲಿ ಬೇರೆಡೆಗೆ ಹರಡಿರುತ್ತಿದ್ದವು.

1973ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಜಿಯಾನಿ ಬೊನಡೊನಾ ಅವರು ಆಪರೇಷನ್ ಆದ ಮಹಿಳೆಯರಿಗೆ ಮೂರು ಔಷಧಗಳನ್ನು ಕೂಡಿಸಿ ಕೊಡುವ ಪ್ರಯೋಗ ಆರಂಭಿಸಿದರು. ರೋಗ ಮರುಕಳಿಸುವುದು ಕಡಿಮೆಯಾಯಿತೆಂದು 1976ರಲ್ಲಿ ಪ್ರಕಟಿಸಿದರು. ಅದೇ 1973ರಲ್ಲಿ ಬೆಂಗಳೂರಿನಲ್ಲಿ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಸರಕಾರಿ ಕ್ಯಾನ್ಸರ್ ಆಸ್ಪತ್ರೆ ಸ್ಥಾಪನೆಯಾಯಿತು.

ಹಾಗಾದರೆ ಅದೇ ಮದ್ದನ್ನು ಆಪರೇಷನ್ನಿಗೆ ಮೊದಲೇ ಕೊಟ್ಟರೆ ಹೆಚ್ಚು ಜೀವ ಉಳಿಯಬಹುದೇ? ಬರ್ನಾರ್ಡ್ ಫಿಶರ್ ನೇತೃತ್ವದ ಅಮೆರಿಕದ ತಂಡ 1988ರಿಂದ 1993ರವರೆಗೆ 1,523 ಮಹಿಳೆಯರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿತು. ಮದ್ದು ಒಂದೇ, ಸರದಿ ಮಾತ್ರ ಬೇರೆ. ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲು ಮದ್ದು ಪಡೆದವರಲ್ಲಿ ನೂರಕ್ಕೆ 68 ಮಂದಿಗೆ ಸ್ತನ ಉಳಿಸುವ ಆಪರೇಷನ್ ಸಾಧ್ಯವಾಯಿತು. ಇನ್ನೊಂದು ಗುಂಪಿನಲ್ಲಿ 60 ಮಂದಿಗೆ. 2018ರಲ್ಲಿ ಹತ್ತು ಪ್ರಯೋಗಗಳ 4,756 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದಾಗಲೂ ಸಾವಿನ ಪ್ರಮಾಣದಲ್ಲಿ ಅಂತರವಿರಲಿಲ್ಲ. ಆದರೆ 15 ವರ್ಷಗಳಲ್ಲಿ ಅದೇ ಜಾಗದಲ್ಲಿ ರೋಗ ಮರಳಿದ್ದು ಮೊದಲು ಮದ್ದು ಪಡೆದವರಲ್ಲಿ ಶೇ. 21.4, ಉಳಿದವರಲ್ಲಿ ಶೇ. 15.9. ಆದ್ದರಿಂದ ಆಪರೇಷನ್ ಮತ್ತು ವಿಕಿರಣ ಚಿಕಿತ್ಸೆ ಜಾಗರೂಕತೆಯಿಂದ ನಡೆಯಬೇಕು.

ಮೊದಲು ಮದ್ದು ಕೊಡುವುದರಲ್ಲಿ ಇನ್ನೊಂದು ಲಾಭವಿದೆ. ಮದ್ದಿಗೆ ಗಡ್ಡೆ ಕರಗುತ್ತಿದೆಯೇ ಎಂದು ಕಣ್ಣಾರೆ ತಿಳಿಯುತ್ತದೆ. ಆಪರೇಷನ್ನಿನ ವೇಳೆ ರೋಗ ಉಳಿದಿರುವುದು ಕಂಡರೆ, ಮುಂದೆ ಬೇರೆ ಔಷಧ ಕೊಡುವುದರಿಂದ ಕೆಲವು ಬಗೆಯ ಕ್ಯಾನ್ಸರಿನಲ್ಲಿ ಪ್ರಯೋಜನವಿದೆ ಎಂದು 2017 ಮತ್ತು 2019ರ ಸಂಶೋಧನೆಗಳು ತೋರಿಸಿದವು. ಗಡ್ಡೆ ಸಣ್ಣದಿದ್ದರೆ ಮೊದಲು ಆಪರೇಷನ್ನೇ ಸೂಕ್ತವಾಗಬಹುದು. ಗಡ್ಡೆಯ ಗಾತ್ರ ಮತ್ತು ಬಗೆ ನೋಡಿ ವೈದ್ಯರು ಸರದಿ ನಿರ್ಧರಿಸುತ್ತಾರೆ.

ನಿಜವಾದ ಅಪಾಯವಿರುವುದು ಅರ್ಧಕ್ಕೆ ನಿಲ್ಲಿಸುವುದರಲ್ಲಿ. ಗಡ್ಡೆ ಕರಗಿದಾಗ "ವಾಸಿಯಾಯಿತು" ಎಂದು ಆಪರೇಷನ್ ಬಿಡುವುದು, ಆಪರೇಷನ್ ಆದಾಗ "ತೆಗೆದಾಯಿತಲ್ಲ" ಎಂದು ಮದ್ದು ಬಿಡುವುದು, ಎರಡೂ ಒಂದೇ ತಪ್ಪು. ಸಾಮಾನ್ಯವಾಗಿ ಎರಡು ಮೂರು ವಾರಕ್ಕೊಮ್ಮೆ ಮದ್ದಿಗೆ ಹೋಗಬೇಕಾಗುತ್ತದೆ. ಚನ್ನರಾಯಪಟ್ಟಣದವರಿಗೆ 2017ರಿಂದ ಬೆಂಗಳೂರಿಗೆ ನೇರ ರೈಲು ಮಾರ್ಗವಿದೆ. ರೈಲಿಲ್ಲದ ಅರಕಲಗೂಡಿನ ಹಳ್ಳಿಯ ತಾಯಿಗೆ ಪ್ರತಿ ಸಲವೂ ಬಸ್ಸು, ಜೊತೆಗೊಬ್ಬರು, ಕೂಲಿಯ ನಷ್ಟ. ಈ ಭಾರ ಅವಳೊಬ್ಬಳದೇ ಆಗಬಾರದು. ರೋಗಕ್ಕೆ ಮದ್ದು ಮಾಡಿಸುವುದು ಪ್ರವಾದಿ(ಸ)ಯವರು ತೋರಿದ ದಾರಿ. ಮೊಹಲ್ಲಾದ ಜಮಾಅತ್, ಮಹಿಳಾ ಸಂಘ, ನೆರೆಹೊರೆಯವರು ಕೈಜೋಡಿಸಿದರೆ ಕೊನೆಯ ಡೋಸಿನವರೆಗೂ ಅವಳನ್ನು ಆಸ್ಪತ್ರೆಗೆ ತಲುಪಿಸಬಹುದು. ಅದಕ್ಕೂ ಮೊದಲು, ಗಂಟು ಕೈಗೆ ಸಿಕ್ಕ ದಿನವೇ ನಾಚದೆ ಹೇಳಿಕೊಳ್ಳುವ ಧೈರ್ಯವನ್ನು ನಮ್ಮ ಮನೆಗಳು ಅವಳಿಗೆ ಕೊಡಬೇಕು.