ಎಂಟಿಆರ್‌ಆರ್ ದೂರು ಮತ್ತು ನಿಧಾನವಾದ ಪರದೆ: ಒಂದು ಕಾರ್ಯಕಾರಣ ಸಂಬಂಧದ ಮರುಪರಿಶೀಲನೆ

ಲಿನಕ್ಸ್ ಗಣಕದ ಪರದೆ ನಿಧಾನವಾಗಿ, ಕರ್ನಲ್ ಲಾಗ್‌ನಲ್ಲಿ 'ಎಂಟಿಆರ್‌ಆರ್: ಟೈಪ್ ಮಿಸ್‌ಮ್ಯಾಚ್' ಎಂಬ ಸಾಲೂ ಕಂಡರೆ ಎರಡಕ್ಕೂ ಗಂಟು ಹಾಕುವುದು ವಾಡಿಕೆ. ಈ ವಾಡಿಕೆಗೆ ಬಲ ಕೊಡುವಂಥ ಹೇಳಿಕೆ ರಿಚರ್ಡ್ ಗೂಚ್ ಅವರ 1999ರ ಕರ್ನಲ್ ದಾಖಲೆಯಲ್ಲಿದೆ: ಹಲವು ಬರಹಗಳನ್ನು ಒಟ್ಟುಗೂಡಿಸಿ ಒಮ್ಮೆಗೇ ಕಳಿಸುವ ರೈಟ್-ಕಂಬೈನಿಂಗ್ ಇದ್ದರೆ ಚಿತ್ರ ಬರೆಯುವ ವೇಗ 2.5 ಪಟ್ಟು ಅಥವಾ ಇನ್ನೂ ಹೆಚ್ಚಾಗಬಹುದು. ಆ ಹೇಳಿಕೆಯ ಬಗ್ಗೆ ತಕರಾರಿಲ್ಲ. ಅದನ್ನು ನೆಚ್ಚಿ ಇಂದಿಗೂ ಲಾಗ್‌ನ ಸಾಲನ್ನೇ ಕಾರಣವೆನ್ನುವುದು ಸರಿಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಒಪ್ಪಿತ ಸಂಗತಿಗಳು ಇಷ್ಟು. ಮೆಮೊರಿಯ ಯಾವ ಭಾಗವನ್ನು ಹೇಗೆ ಕ್ಯಾಶ್ ಮಾಡಬೇಕೆಂದು ಹೇಳುವ ಎಂಟಿಆರ್‌ಆರ್ ರಿಜಿಸ್ಟರುಗಳು ಪೆಂಟಿಯಂ ಪ್ರೊ ಜೊತೆಗೆ ಬಂದವು. ಪುಟಪುಟಕ್ಕೂ ಬೇರೆ ಬಗೆ ಗೊತ್ತುಪಡಿಸಬಲ್ಲ ಪ್ಯಾಟ್ ಸೌಲಭ್ಯ ಪೆಂಟಿಯಂ 3ರಲ್ಲಿ ಬಂತು. ಕರ್ನಲ್ ಅದನ್ನು ವ್ಯವಸ್ಥಿತವಾಗಿ ಬಳಸತೊಡಗಿದ್ದು 2008ರ 2.6.26 ಆವೃತ್ತಿಯಿಂದ.

ವಿವಾದವಿರುವುದು ಸಂದೇಶದ ಅರ್ಥದಲ್ಲಿ. 4 ಜಿಬಿಯ ಒಂದು ವಿನ್ಯಾಸ ನೋಡೋಣ. ಬಯೋಸ್ ಒಂದು ರಿಜಿಸ್ಟರಿನಿಂದ 0–4096 ಎಂಬಿಯನ್ನು ರೈಟ್-ಬ್ಯಾಕ್ (ಕ್ಯಾಶ್ ಮಾಡಬಹುದು) ಎಂದು ಗುರುತಿಸಿ, ಇನ್ನೊಂದರಿಂದ ಮೇಲಿನ 512 ಎಂಬಿಯನ್ನು ಕ್ಯಾಶ್ ಮಾಡಬಾರದ ಜಾಗ, ಅಂದರೆ ಅನ್‌ಕ್ಯಾಶಬಲ್ ಮಾಡಿದೆ. 3584 ಎಂಬಿಯಿಂದ ಶುರುವಾಗುವ 256 ಎಂಬಿ ಗ್ರಾಫಿಕ್ಸ್ ಜಾಗಕ್ಕೆ ಡ್ರೈವರ್ ರೈಟ್-ಕಂಬೈನಿಂಗ್ ಕೇಳುತ್ತದೆ. ಕರ್ನಲ್ ಈ ಕೋರಿಕೆಯನ್ನು ಈಗಿರುವ ಪ್ರತಿ ರಿಜಿಸ್ಟರಿನೊಂದಿಗೂ ತಾಳೆ ನೋಡುತ್ತದೆ. ಅನ್‌ಕ್ಯಾಶಬಲ್ ಜೊತೆ ಹೊಂದಿಕೆಯಾಗುತ್ತದೆಂದು ಬಿಡುತ್ತದೆ. ರೈಟ್-ಬ್ಯಾಕ್ ಜೊತೆ ಹೊಂದಿಕೆಯಾಗದೆಂದು ದೂರು ಬರೆದು ಕೋರಿಕೆ ತಳ್ಳಿಹಾಕುತ್ತದೆ. ಅದೇ ಬಯೋಸ್ ರೈಟ್-ಬ್ಯಾಕ್ ಭಾಗವನ್ನು 2048, 1024, 512 ಎಂಬಿಗಳ ಮೂರು ತುಂಡಾಗಿ ಕಟ್ಟಿ, ಉಳಿದದ್ದನ್ನು ಅನ್‌ಕ್ಯಾಶಬಲ್ ಎಂದು ಬರೆದಿದ್ದರೆ ಕೋರಿಕೆ ಸದ್ದಿಲ್ಲದೆ ಮಂಜೂರಾಗುತ್ತಿತ್ತು. ಆದರೂ ಎರಡು ರಿಜಿಸ್ಟರುಗಳು ಒಂದರ ಮೇಲೊಂದು ಬಂದಾಗ ಅನ್‌ಕ್ಯಾಶಬಲ್‌ನದೇ ಮೇಲುಗೈ ಎಂಬುದು ಪ್ರೊಸೆಸರಿನ ನಿಯಮ. ಮಂಜೂರಾತಿಯಿಂದ ವೇಗ ಹೆಚ್ಚುತ್ತಿರಲಿಲ್ಲ. ಹಾಗಾಗಿ ಲಾಗ್ ಚೊಕ್ಕಟವಾಗಿದೆಯೆಂದ ಮಾತ್ರಕ್ಕೆ ರೈಟ್-ಕಂಬೈನಿಂಗ್ ಸಿಕ್ಕಿದೆ ಎನ್ನಲಾಗದು.

ಪ್ಯಾಟ್ ಬಂದ ಮೇಲೆ ದೂರಿನ ತೂಕವೂ ಇಳಿಯಿತು. ಪೇಜ್ ಟೇಬಲ್‌ನಲ್ಲಿ ಪುಟಕ್ಕೆ ರೈಟ್-ಕಂಬೈನಿಂಗ್ ಎಂದಿದ್ದರೆ, ಎಂಟಿಆರ್‌ಆರ್ ಅನ್‌ಕ್ಯಾಶಬಲ್ ಎನ್ನಲಿ, ರೈಟ್-ಬ್ಯಾಕ್ ಎನ್ನಲಿ, ನಡೆಯುವುದು ಪುಟದ ಮಾತೇ. 2013ರ 3.11 ಆವೃತ್ತಿಯಲ್ಲಿ ಡ್ರೈವರುಗಳು ರೈಟ್-ಕಂಬೈನಿಂಗ್ ಕೋರಲೆಂದು ಆಂಡಿ ಲುಟೊಮಿರ್ಸ್ಕಿ ಸೇರಿಸಿದ ಫಂಕ್ಷನ್, ಪ್ಯಾಟ್ ಚಾಲೂ ಇದ್ದರೆ ರಿಜಿಸ್ಟರುಗಳನ್ನು ಮುಟ್ಟದೆಯೇ ಹಿಂದಿರುಗುತ್ತದೆ. 2015ರಲ್ಲಿ ಲೂಯಿಸ್ ರೋಡ್ರಿಗಸ್ ಉಳಿದ ಡ್ರೈವರುಗಳನ್ನೂ ಈ ದಾರಿಗೆ ತಂದರು.

ಆದ್ದರಿಂದ ಪ್ಯಾಟ್ ಚಾಲೂ ಇರುವ ಗಣಕದಲ್ಲಿ ಈ ದೂರನ್ನೇ ನಿಧಾನಕ್ಕೆ ಕಾರಣವೆಂದು ಹಿಡಿಯಬಾರದು ಎನ್ನಬಹುದು. ಈ ಮಾತಿಗೆ ಮಿತಿಗಳಿವೆ. 'ನೋಪ್ಯಾಟ್' ಆಯ್ಕೆಯೊಂದಿಗೆ ಬೂಟ್ ಮಾಡಿದಲ್ಲಿ ಇದು ಅನ್ವಯಿಸದು. ಡ್ರೈವರ್ ತನ್ನ ಪುಟಗಳಿಗೆ ರೈಟ್-ಕಂಬೈನಿಂಗ್ ಕೇಳದೆ ಅನ್‌ಕ್ಯಾಶಬಲ್‌ನ ಸಡಿಲ ರೂಪವಾದ 'ಯುಸಿ-ಮೈನಸ್' ಬಗೆಯನ್ನು ಬಳಸಿದ್ದರೂ ಕೊನೆಯ ಮಾತು ಎಂಟಿಆರ್‌ಆರ್‌ನದೇ. 2.6.26ಕ್ಕಿಂತ ಹಳೆಯ ಕರ್ನಲ್‌ಗಳ ಮಟ್ಟಿಗಂತೂ ಗೂಚ್ ದಾಖಲೆಯ ತರ್ಕ ಹಾಗೆಯೇ ನಿಲ್ಲುತ್ತದೆ. ಯಾವ ಗಣಕ ಯಾವ ಗುಂಪಿನದೆಂದು ಊಹಿಸಬೇಕಾಗಿಲ್ಲ: ಡೀಬಗ್ ಕಡತವ್ಯವಸ್ಥೆಯಲ್ಲಿ ಕರ್ನಲ್ ತೋರಿಸುವ ಪ್ಯಾಟ್ ಪಟ್ಟಿಯಲ್ಲಿ ಗ್ರಾಫಿಕ್ಸ್ ಜಾಗದ ಮುಂದೆ ರೈಟ್-ಕಂಬೈನಿಂಗ್ ಎಂದಿದ್ದರೆ, ರಿಜಿಸ್ಟರುಗಳನ್ನು ಮರುಜೋಡಿಸುವ ಬೂಟ್ ಆಯ್ಕೆಗಳಿಗೆ ಕೈಹಾಕುವ ಮೊದಲು ಬೇರೆ ಕಾರಣ ಹುಡುಕುವುದು ಲೇಸು.

ಒಂದು ಪ್ರಶ್ನೆ ಉಳಿಯುತ್ತದೆ. ಇಂದು ಚಿತ್ರ ಬಿಡಿಸುವ ಕೆಲಸದ ಬಹುಪಾಲು ಗ್ರಾಫಿಕ್ಸ್ ಪ್ರೊಸೆಸರಿನದು. ಮುಖ್ಯ ಪ್ರೊಸೆಸರ್ ನೇರವಾಗಿ ಬರೆಯುವುದು ಕಡಿಮೆ. ಹೀಗಿರುವಾಗ 2.5 ಪಟ್ಟಿನ ಲಾಭದಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಒಂದೊಂದು ಡ್ರೈವರಿಗೂ ಪ್ರತ್ಯೇಕವಾಗಿ ಅಳೆಯಬೇಕು. ಇಲ್ಲಿನ ವಾದ ಅದನ್ನು ಇತ್ಯರ್ಥ ಮಾಡುವುದಿಲ್ಲ.