ಪ್ರಾಣಿಗಳಲ್ಲಿ ಉರಿಯೂತದ ದ್ಯುತಿ ಚಿತ್ರಣ: ಇತಿಹಾಸ

ಬದುಕಿರುವ ಪ್ರಯೋಗಪ್ರಾಣಿಯ ದೇಹದೊಳಗಿನ ಉರಿಯೂತವನ್ನು ಹೊರಬೀಳುವ ಬೆಳಕಿನಿಂದ ಗುರುತಿಸಿ ಅಳೆಯುವ ವಿಧಾನ. ಸಂಧಿವಾತದಂಥ ಕಾಯಿಲೆಗಳ ಔಷಧ ಸಂಶೋಧನೆಯಲ್ಲಿ ಬಳಕೆಯಲ್ಲಿದೆ.

ಹಿಂದೆ ಅಳೆಯುತ್ತಿದ್ದದ್ದು ಊತವನ್ನು. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯಲ್ಲಿ ಇಲಿಯ ಹಿಂಗಾಲಿನ ಪಾದಕ್ಕೆ ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಚುಚ್ಚಿ, ಪಾದ ಎಷ್ಟು ಊದಿತೆಂದು ನೋಡುತ್ತಿದ್ದರು. ಒಳಗಿನ ಸಂಗತಿ ತಿಳಿಯಬೇಕಾದರೆ ಇಲಿಯನ್ನು ಕೊಂದು ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಇಡಬೇಕಿತ್ತು. ರೋಗದ ಒಂದೊಂದು ಹಂತಕ್ಕೂ ಬೇರೆ ಇಲಿಗಳು ಸಾಯುತ್ತಿದ್ದವು; ಒಂದೇ ಜೀವದಲ್ಲಿ ರೋಗ ಏರಿ ಇಳಿಯುವುದನ್ನು ಕಾಣುವಂತಿರಲಿಲ್ಲ. ಪ್ರಾಣಿಗಳ ಸಂಖ್ಯೆ ತಗ್ಗಿಸಬೇಕೆಂದು ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ವಾದಿಸಿದ್ದರು. ಅದಕ್ಕೆ ತಕ್ಕ ಸಾಧನ ಬರಲು ದಶಕಗಳೇ ಬೇಕಾದವು.

1995ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಕಾಂಟಾಗ್, ಪಮೇಲಾ ಕಾಂಟಾಗ್, ಡೇವಿಡ್ ಬೆನರಾನ್ ಮೊದಲಾದವರು ಬೆಳಕು ಸೂಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಇಲಿಗೆ ಕೊಟ್ಟು, ಸೋಂಕಿನ ಹರಡುವಿಕೆಯನ್ನು ಹೊರಗಿನಿಂದಲೇ ಕ್ಯಾಮೆರಾದಲ್ಲಿ ಹಿಡಿದರು. 2002ರಲ್ಲಿ ನಾರ್ವೆಯ ಓಸ್ಲೋ ವಿಜ್ಞಾನಿಗಳು ಉರಿಯೂತದ ಮುಖ್ಯ ಸ್ವಿಚ್ಚಾದ ಎನ್‌ಎಫ್-ಕಪ್ಪಾ ಬಿ ಪ್ರೋಟೀನ್ ಚುರುಕಾದೊಡನೆ ಮಿಂಚುಹುಳದ ಲ್ಯೂಸಿಫರೇಸ್ ಕಿಣ್ವ ತಯಾರಾಗುವಂಥ ಇಲಿಗಳನ್ನು ರೂಪಿಸಿದರು. ಆ ಕಿಣ್ವದೊಡನೆ ಬೆರೆತು ಬೆಳಕು ಕೊಡುವ ಲ್ಯೂಸಿಫೆರಿನ್ ಚುಚ್ಚಿದರೆ ಉರಿಯೂತವಿರುವ ಜಾಗ ಬೆಳಗುತ್ತದೆ.

ಜೀನ್ ತಿದ್ದದ ದಾರಿಯೂ ಇತ್ತು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರಾಲ್ಫ್ ವೈಸ್ಲೆಡರ್ ತಂಡ 1999ರಲ್ಲಿ ಗೆಡ್ಡೆಗಳಿಗಾಗಿ ರೂಪಿಸಿದ ವಸ್ತುವಿನಲ್ಲಿ ಪ್ರತಿದೀಪ್ತ ಅಣುಗಳು ಒತ್ತೊತ್ತಾಗಿ ಕೂತು ಒಂದರ ಬೆಳಕನ್ನೊಂದು ನುಂಗುತ್ತವೆ. ಕ್ಯಾಥೆಪ್ಸಿನ್ ಕಿಣ್ವ ಅವನ್ನು ಹಿಡಿದಿಟ್ಟ ಸರಪಳಿಯನ್ನು ಕತ್ತರಿಸಿದಾಗಷ್ಟೇ ಹೊಳೆಯುತ್ತವೆ. ಈ ಕಿಣ್ವ ಉರಿಯೂತವಿರುವ ಕೀಲುಗಳಲ್ಲೂ ಹೆಚ್ಚುತ್ತದೆ. 2004ರಲ್ಲಿ ಆ ವಸ್ತುವನ್ನೇ ಸಂಧಿವಾತದ ಇಲಿಗಳಿಗೆ ಕೊಟ್ಟಾಗ, ಮೆಥೊಟ್ರೆಕ್ಸೇಟ್ ಔಷಧ ಪಡೆದವುಗಳ ಕೀಲುಗಳು ಕಡಿಮೆ ಹೊಳೆದವು. ಔಷಧ ನಾಟಿತೇ ಎಂಬುದಕ್ಕೆ ಬದುಕಿರುವ ಕೀಲಿನಿಂದಲೇ ಉತ್ತರ ಬಂದದ್ದು ಈ ಇತಿಹಾಸದ ದೊಡ್ಡ ತಿರುವು. 2009ರಲ್ಲಿ ಬೆಳಕು ಸೂಸುವ ಲ್ಯುಮಿನಾಲ್ ರಾಸಾಯನಿಕ ಬಳಸಿ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಮೈಲೋಪೆರಾಕ್ಸಿಡೇಸ್ ಕಿಣ್ವದ ಚಟುವಟಿಕೆಯನ್ನೂ ಚಿತ್ರಿಸಲಾಯಿತು.

ಈ ವಿಧಾನಕ್ಕೆ ತೊಡಕುಗಳೂ ಇವೆ. ಸುಮಾರು 650ರಿಂದ 900 ನ್ಯಾನೋಮೀಟರ್ ಬೆಳಕು ಮಾತ್ರ ಮೈಯೊಳಗೆ ತಕ್ಕಮಟ್ಟಿಗೆ ಸಾಗುತ್ತದೆ. ಅದಕ್ಕಿಂತ ಕೆಳಗೆ ಹಿಮೋಗ್ಲೋಬಿನ್, ಮೇಲೆ ನೀರು ಹೀರಿಕೊಳ್ಳುತ್ತವೆ. ಕಪ್ಪು ಇಲಿಯ ರೋಮ ಬೆಳಕನ್ನು ತಡೆಯುವುದರಿಂದ ಅದನ್ನು ಬೋಳಿಸಬೇಕು. ಮೇವಿನ ಕುದುರೆಮೆಂತೆ ಸೊಪ್ಪಿನ ಪತ್ರಹರಿತ್ತು ಕರುಳಿನಲ್ಲಿ ತಾನೇ ಹೊಳೆಯುವುದರಿಂದ, ಕರುಳಿನ ಉರಿಯೂತ ನೋಡುವವರು ಮೊದಲು ಆಹಾರ ಬದಲಿಸುತ್ತಾರೆ. ಆಳದ ಅಂಗಗಳಿಗಾಗಿ 2002ರಲ್ಲಿ ವಾಸಿಲಿಸ್ ನ್ಸಿಯಾಕ್ರಿಸ್ಟೋಸ್ ಮತ್ತು ಸಹೋದ್ಯೋಗಿಗಳು ಪ್ರತಿದೀಪ್ತಿ ಟೊಮೊಗ್ರಫಿ ತಂದರೂ ಚಿತ್ರದ ಸ್ಪಷ್ಟತೆ ಎಂಆರ್‌ಐಗೆ ಸಾಟಿಯಾಗಲಿಲ್ಲ. ಹೊಳಪು ಹೇಳುವುದು ಕಿಣ್ವದ ಚಟುವಟಿಕೆಯನ್ನು, ಮೃದ್ವಸ್ಥಿ ಎಷ್ಟು ಸವೆದಿದೆ ಎಂಬುದನ್ನಲ್ಲ. ಆ ಲೆಕ್ಕಕ್ಕೆ ಪ್ರಯೋಗದ ಕೊನೆಯಲ್ಲಿ ಕೀಲಿನ ತೆಳು ಸೀಳನ್ನು ಈಗಲೂ ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರೆ.