ಗೋಲಗುಮ್ಮಟದ ಹಳೇ ಕಾರ್ಡಿನಲ್ಲಿ ಊರು ಎಲ್ಲಿದೆ?

ನೂರು ವರ್ಷ ದಾಟಿದ ಬಿಜಾಪುರದ ಚಿತ್ರದ ಪೋಸ್ಟ್‌ಕಾರ್ಡುಗಳನ್ನು ಈಗ ಮೊಬೈಲಿನಲ್ಲೇ ನೋಡಬಹುದು. ಗೋಲಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು. ಚೆಂದ ಇವೆ. ಆದರೆ ನಾಲ್ಕು ಕಾರ್ಡು ನೋಡುವಷ್ಟರಲ್ಲಿ ಒಂದು ಕೊರತೆ ಕಾಣುತ್ತದೆ. ಹೆಚ್ಚಿನವುಗಳಲ್ಲಿ ಊರೇ ಇಲ್ಲ. ಕಟ್ಟಡ, ಅದರ ಮುಂದೆ ಬಯಲು. ಮನುಷ್ಯ ಇದ್ದರೂ ಗುಮ್ಮಟ ಎಷ್ಟು ದೊಡ್ಡದು ಎಂದು ತೋರಿಸಲು ನಿಲ್ಲಿಸಿದ ಹಾಗೆ.

ಆದರೆ ಆಗ ಬಿಜಾಪುರ ಹಾಳುಬಿದ್ದ ಬಯಲೇನೂ ಆಗಿರಲಿಲ್ಲ. 1884ರಲ್ಲಿ ಗದಗ–ಹೊಟಗಿ ರೈಲು ಬಂತು. 1885ರಲ್ಲಿ ಜಿಲ್ಲಾ ಕಚೇರಿ ಕಲಾದಗಿಯಿಂದ ಇಲ್ಲಿಗೆ ಬಂತು. ಸಾಹೇಬರಿಗೆ ಜಾಗ ಬೇಕಾಯಿತು, ಆದಿಲಶಾಹಿ ಕಟ್ಟಡಗಳು ಕೈಗೆ ಸಿಕ್ಕವು. ಒಂದು ಮಸೀದಿಯಲ್ಲಿ ಟಪಾಲು ಕಚೇರಿ, ಇನ್ನೊಂದರಲ್ಲಿ ಪ್ರವಾಸಿ ಬಂಗಲೆ! ನಮಾಜು ಮಾಡುವ ಜಾಗದಲ್ಲಿ ಟಪಾಲಿನ ಠಸ್ಸೆ ಬೀಳುತ್ತಿತ್ತು. ವೈಸರಾಯ್ ಕರ್ಜನ್ ಇವೆರಡನ್ನೂ ತೆರವು ಮಾಡಿಸಿದರು. 1904ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯ್ದೆ ಬಂದಾಗ ಅದನ್ನು ಹೇಳಿಕೊಂಡರು ಕೂಡ. ಕಟ್ಟಡ ಉಳಿಸಿದ್ದಕ್ಕೆ ಅವರಿಗೆ ಶಾಬಾಸ್ ಅನ್ನೋಣ. ಮೊದಲು ಅಲ್ಲಿ ಕಚೇರಿ ಹೂಡಿದ್ದು ಅವರದೇ ಸರಕಾರ ಎಂಬುದನ್ನೂ ಮರೆಯಬಾರದು.

ಇನ್ನು ಬಣ್ಣದ ಮಾತು. ಫೋಟೋ ತೆಗೆದದ್ದು ಕಪ್ಪು-ಬಿಳುಪಿನಲ್ಲಿ. ಆ ಕಾಲದ ಎಷ್ಟೋ ಭಾರತದ ಕಾರ್ಡುಗಳು ಅಚ್ಚಾದದ್ದು ಜರ್ಮನಿಯಲ್ಲಿ. ಬಿಜಾಪುರದ ಬಿಸಿಲನ್ನೇ ಕಾಣದವರು ಬಣ್ಣ ತುಂಬಿದರೆ ಏನಾಗಬೇಕು? ಆದ್ದರಿಂದ ಹಳೇ ಕಾರ್ಡಿನಲ್ಲಿ ಕಲ್ಲು ಗುಲಾಬಿ, ನೆಲ ಹಸಿರು ಕಂಡರೆ ನಂಬಬೇಡಿ. ಕಟ್ಟಡದ ಗೆರೆ ನಂಬಿ.

ವರ್ಷ ತಿಳಿಯಬೇಕೇ? ಕಾರ್ಡು ತಿರುಗಿಸಿ. ಹಿಂಬದಿ ಪೂರಾ ವಿಳಾಸಕ್ಕೇ ಮೀಸಲಾಗಿದ್ದು, ಮಾತೆಲ್ಲ ಚಿತ್ರದ ಅಂಚಿನಲ್ಲಿ ಒತ್ತೊತ್ತಾಗಿ ಬರೆದಿದ್ದರೆ ಅದು ಬಹಳ ಹಳೆಯದು. ನಡುವೆ ಗೆರೆ ಎಳೆದು ಅರ್ಧ ಮಾತಿಗೆ, ಅರ್ಧ ವಿಳಾಸಕ್ಕೆ ಬಿಟ್ಟದ್ದು ಆಮೇಲಿನದು. ಸ್ಟಾಂಪಿನ ಮೇಲೆ ಏಳನೇ ಎಡ್ವರ್ಡ್ ದೊರೆಯ ಮುಖ ಇದ್ದರೆ 1902ರ ಹಿಂದಿನದಲ್ಲ.

ಈ ಕಾರ್ಡುಗಳನ್ನು ಹೆಚ್ಚಾಗಿ ಕೊಂಡವರು ಅಧಿಕಾರಿಗಳು, ಸೈನಿಕರು, ಪ್ರವಾಸಿಗಳು. ಕಾರ್ಡು ಹಡಗು ಹತ್ತಿ ಅವರ ಊರಿಗೆ ಹೋಗುತ್ತಿತ್ತು. ನಮ್ಮ ಹಿರಿಯರ ಕೈಗೆ ಬಂದದ್ದು 1879ರಲ್ಲಿ ಶುರುವಾದ ಕಾಲಾಣೆಯ ಸರಕಾರಿ ಕಾರ್ಡು. ಅದರಲ್ಲಿ ಚಿತ್ರ ಇಲ್ಲ. ಮೂಲೆಗೆ ಅರಿಶಿನ ಇದ್ದರೆ ಮದುವೆ, ಮೂಲೆ ಹರಿದಿದ್ದರೆ ಸಾವು. ಓದು ಬಾರದವರಿಗೂ ಅಷ್ಟು ತಿಳಿಯುತ್ತಿತ್ತು.

ಗುಮ್ಮಟಕ್ಕೇನೋ ಕಾರ್ಡು ಬಂತು, ಕಾಯ್ದೆಯೂ ಬಂತು. ಹಳ್ಳಿಯ ಹುಡೇವಿಗೆ, ವಾಡೆಗೆ, ಮೆಟ್ಟಿಲು ಬಾವಿಗೆ ಯಾರು ಕ್ಯಾಮೆರಾ ಹಿಡಿದಾರು? ನಮ್ಮೂರ ಹುಡೇವು ನಾನು ಸಾಲಿಗೆ ಹೋಗುವಾಗ ಅರ್ಧ ನಿಂತಿತ್ತು. ಆಮೇಲೆ ಅದರ ಕಲ್ಲುಗಳು ಒಂದೊಂದಾಗಿ ಮನೆಗಳ ಪಾಯಕ್ಕೆ ಹೋದವು. ಬರೆಯಲು ಕುಳಿತಾಗ ಅದರ ಚಿತ್ರಕ್ಕಾಗಿ ಮನೆಮನೆ ಕೇಳಿದೆ. ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಸಿಕ್ಕದ್ದು ನಮ್ಮ ಅತ್ತೆಯ ಮದುವೆ ಆಲ್ಬಮ್ಮಿನಲ್ಲಿ. ಬಾಸಿಂಗ ಕಟ್ಟಿದ ಮದುಮಗನ ಹೆಗಲ ಹಿಂದೆ ಹುಡೇವಿನ ಬುಡ, ಅದರ ಮೇಲೆ ಮದುವೆ ನೋಡಲು ಹತ್ತಿ ಕುಳಿತ ಹುಡುಗರು. ಅವರಲ್ಲಿ ಒಬ್ಬ ಯಾರೆಂದು ಅತ್ತೆ ಗುರುತು ಹಿಡಿದಳು. ಉಳಿದವರ ಹೆಸರು ಕೇಳಿ ಫೋಟೋದ ಹಿಂದೆ ಬರೆಯುತ್ತಿದ್ದೇನೆ. ಇನ್ನೂ ಮೂವರು ಬಾಕಿ.